ಕೊಂಡಿ ಹೆಣಿಗೆ ಮತ್ತು ಮಣಿ ಕೈಸರ: ತಯಾರಿಕೆ ಹಾಗೂ ಸೌಲಭ್ಯಗಳ ವಿವರ

ಬಾಗಲಕೋಟೆ ಜಿಲ್ಲೆಗೆ ಕೊಂಡಿ ಕೂಡಿಸುವ ಕೈಚಳಕ ಹೊಸದಲ್ಲ. ಇಳಕಲ್ ಸೀರೆಯ ಒಡಲಿನ ಹಾಸುನೂಲನ್ನು ಸೆರಗಿನ ಹಾಸುನೂಲಿಗೆ ಕುಣಿಕೆ ಹಾಕಿ ಜೋಡಿಸುವುದೂ ‘ಕೊಂಡಿ’ಯೇ. ಬಾದಾಮಿ, ಹುನಗುಂದಗಳ ಪತ್ತಾರರು ಲೋಹದ ಸರ ಹೆಣೆಯುತ್ತಾರೆ. ಲಂಬಾಣಿ ತಾಂಡಾಗಳ ಮಹಿಳೆಯರು ಗಾಜಿನ ಮಣಿ, ಕವಡೆಗಳನ್ನು ಪೋಣಿಸುತ್ತಾರೆ.

ಕೈಸರಕ್ಕಾಗಿ ತಂತಿಯನ್ನು ಸಲಾಕೆಗೆ ಒತ್ತಾಗಿ ಸುತ್ತಿ, ಆ ಸುರುಳಿಯನ್ನು ಉದ್ದಕ್ಕೆ ಕತ್ತರಿಸಿ ಬಿಡಿ ಉಂಗುರಗಳನ್ನು ಪಡೆಯಲಾಗುತ್ತದೆ. ಉಂಗುರದ ಒಳವ್ಯಾಸಕ್ಕೂ ತಂತಿಯ ದಪ್ಪಕ್ಕೂ ಇರುವ ಅನುಪಾತವೇ ವಿನ್ಯಾಸದ ಮೂಲ. ಪ್ರತಿ ಉಂಗುರವು ನಾಲ್ಕು ಉಂಗುರಗಳನ್ನು ಹಿಡಿಯುವ ಸಾಮಾನ್ಯ ಹೆಣಿಗೆಗೆ 1 ಮಿ.ಮೀ. ತಂತಿ, 4 ಮಿ.ಮೀ. ಒಳವ್ಯಾಸ ಸೂಕ್ತ. ಒಳವ್ಯಾಸ ತೀರ ಕಡಿಮೆಯಾದಲ್ಲಿ ಸರ ಬಿಗಿದು ಮಣಿಕಟ್ಟಿಗೆ ಬಾಗದು, ಹೆಚ್ಚಾದಲ್ಲಿ ಜೋಲುವುದು. ಉಂಗುರವನ್ನು ಎರಡು ಇಕ್ಕಳಗಳಿಂದ ಹಿಡಿದು ಪಕ್ಕಕ್ಕೆ ತಿರುಚಿ ತೆರೆಯತಕ್ಕದ್ದು. ಅಗಲಕ್ಕೆ ಎಳೆದರೆ ದುಂಡು ಕೆಟ್ಟು, ಬಾಯಿ ಕೂಡದೆ ಸರ ಬಿಚ್ಚಿಹೋಗುವುದು. ಮಣಿಯ ರಂಧ್ರದ ಅಂಚು ಹರಿತವಾಗಿದ್ದಲ್ಲಿ ದಾರ ತುಂಡಾಗುವುದರಿಂದ ಮೊದಲೇ ಉಜ್ಜಿಕೊಳ್ಳುವುದು ಲೇಸು.

ಅರ್ಜಿ ಸಲ್ಲಿಸುವವರು ಒಂದು ವ್ಯತ್ಯಾಸವನ್ನು ಅರಿತಿರಬೇಕು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ಅಕ್ಕಸಾಲಿಗರು ಸೇರಿದ್ದಾರೆ. ಅವರಿಗೆ ತರಬೇತಿ, ಉಪಕರಣಗಳಿಗೆ ರೂ. 15,000ದವರೆಗೆ ನೆರವು ಹಾಗೂ ಶೇ. 5ರ ಬಡ್ಡಿಯಲ್ಲಿ ಮೊದಲ ಹಂತವಾಗಿ ರೂ. 1 ಲಕ್ಷದವರೆಗೆ ಸಾಲವನ್ನು ನಿಗದಿಪಡಿಸಲಾಗಿದೆ. ಒಂದು ಕುಟುಂಬದಲ್ಲಿ ಒಬ್ಬರು ಮಾತ್ರ ಅರ್ಹರು. ಮಣಿ ಪೋಣಿಸುವಿಕೆ ಆ ಪಟ್ಟಿಯಲ್ಲಿ ಪ್ರತ್ಯೇಕ ವೃತ್ತಿಯಾಗಿಲ್ಲ. ಆದ್ದರಿಂದ ತಾಂಡಾದ ಮಹಿಳೆಯರು ಅಕ್ಕಸಾಲಿಗರೆಂದು ನಮೂದಿಸದೆ, ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರು ನೀಡುವ ‘ಪೆಹಚಾನ್’ ಕುಶಲಕರ್ಮಿ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸುವುದು ಸೂಕ್ತ. ಕೈಮಗ್ಗ ನೇಕಾರರ ಗುರುತಿನ ಚೀಟಿಯೇ ಬೇರೆ. ಮನೆಯಲ್ಲಿ ಅದಿದ್ದರೂ ಮಣಿ ಕೆಲಸಕ್ಕೆ ಅನ್ವಯಿಸುವುದಿಲ್ಲ.