ರದ್ದಿ ಕಾಗದದಲ್ಲಿ ಅರಳಿದ ಶುಭಾಶಯ

ಆ ದಿನ ಜುಲೈ 31. ಹೊರಗೆ ಮಲೆನಾಡಿನ ಮಳೆ, ಒಳಗೆ ನಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಬೀಳ್ಕೊಡುಗೆ. ಹಾರ, ಶಾಲು, ಭಾಷಣಗಳೆಲ್ಲ ಮುಗಿದ ಮೇಲೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ವಿಜ್ಞಾನ ಸಂಘದ ಪರವಾಗಿ ತಾನೇ ಮಾಡಿದ ಉಡುಗೊರೆ ಪೆಟ್ಟಿಗೆಯನ್ನು ಅವರ ಕೈಗಿತ್ತಳು. ಅದರ ಕಾಗದವೂ ಅವಳದೇ ತಯಾರಿಕೆ. ಹಳೆಯ ನೋಟ್‌ಬುಕ್ಕುಗಳನ್ನು ನೆನೆಸಿ, ರುಬ್ಬಿ, ಜರಡಿಯಲ್ಲಿ ಎತ್ತಿ ಒಣಗಿಸಿದ ಹಾಳೆ. ಮುಚ್ಚಳದ ಮೇಲೆ ಚೆಂಡುಹೂವಿನ ಎಸಳುಗಳ ಚಿತ್ತಾರ. ಒಳಗೊಂದು ಶುಭಾಶಯ ಪತ್ರ.

ಅವರು ಮುಚ್ಚಳ ತೆಗೆದರು. ಮುಗ್ಗಲು ವಾಸನೆ ಮುಂದಿನ ಸಾಲಿನಲ್ಲಿ ಕುಳಿತಿದ್ದ ನಮ್ಮವರೆಗೂ ಬಂತು. ಅಂಟು ಹಾಕಿದ ಅಂಚುಗಳ ಉದ್ದಕ್ಕೂ ಹಸಿರು ಬೂಷ್ಟು. ಪತ್ರ ತಳಕ್ಕೆ ಅಂಟಿಕೊಂಡಿತ್ತು, ಅಕ್ಷರಗಳು ಹರಡಿ ನೀಲಿ ಕಲೆಯಾಗಿದ್ದವು. ಹಿರಿಯರು ಮೆಲ್ಲನೆ ಮುಚ್ಚಳ ಮುಚ್ಚಿ, ನಕ್ಕು, ಅವಳ ತಲೆ ಸವರಿದರು. ಅವಳು ಮಾತ್ರ ವೇದಿಕೆಯಿಂದ ಇಳಿದವಳು ತರಗತಿಯತ್ತ ತಿರುಗಿಯೂ ನೋಡದೆ ಮನೆಗೆ ಹೋದಳು.

ತಪ್ಪು ಅವಳದಲ್ಲ, ನನ್ನದು. ಮೈದಾಹಿಟ್ಟಿನ ಅಂಟು ಸಾಕು ಎಂದವನು ನಾನು. ಮಳೆಯಲ್ಲಿ ನೆನೆಯದಿರಲೆಂದು ಇನ್ನೂ ತೇವವಿದ್ದ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡು ಎಂದವನೂ ನಾನೇ. ಬೂಷ್ಟಿಗೆ ಬೇಕಾದುದು ತೇವ, ಪಿಷ್ಟ ಮತ್ತು ನಿಂತ ಗಾಳಿ ಎಂದು ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬರೆಯುವ ಮೇಷ್ಟ್ರು ಮೂರನ್ನೂ ಒಂದೇ ಚೀಲದಲ್ಲಿ ಒದಗಿಸಿದ್ದೆ! ಮರುವಾರ ಅವಳನ್ನು ಕರೆದು, 'ಇನ್ನೊಂದು ಪೆಟ್ಟಿಗೆ ಮಾಡೋಣ, ಈ ಸಲ ಸರಿಯಾಗಿ' ಎಂದೆ. ಅವಳು ಒಪ್ಪಲು ಹದಿನೈದು ದಿನ ಹಿಡಿಯಿತು. ಆ ಎರಡನೆಯ ಪೆಟ್ಟಿಗೆಗಾಗಿ ನಾವು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಗದ. ಪರೀಕ್ಷೆ ಮುಗಿದ ಮೇಲೆ ಮನೆಮನೆಯಲ್ಲೂ ಬರೆದು ಮುಗಿದ ನೋಟ್‌ಬುಕ್ಕುಗಳ ರಾಶಿ. ಅದರಿಂದ 20 ಹಾಳೆ ತೆಗೆದುಕೊಳ್ಳಿ, ಪಿನ್ನು ಕೀಳಿ, ಹೆಬ್ಬೆರಳಿನ ಉಗುರಿನಷ್ಟು ಚೂರುಗಳಾಗಿ ಹರಿಯಿರಿ. ಕತ್ತರಿ ಬೇಡ. ಹರಿದ ಅಂಚಿನಲ್ಲಿ ನಾರು ಉದ್ದವಾಗಿ ಉಳಿಯುತ್ತದೆ, ಕತ್ತರಿಸಿದರೆ ತುಂಡಾಗುತ್ತದೆ. ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಧಾರಾಳ ನೀರು ಬೆರೆಸಿ ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವೇ ತಿರುವಿ. (ಅಮ್ಮನ ಅಪ್ಪಣೆ ಪಡೆದು! ಹಳೆಯ ಜಾರ್ ಒಂದನ್ನು ಇದಕ್ಕೆಂದೇ ಮೀಸಲಿಟ್ಟರೆ ಮನೆಯಲ್ಲಿ ಶಾಂತಿ.) ತೆಳುವಾದ ಗಂಜಿಯಂತಾದ ಈ ತಿರುಳನ್ನು ಅಗಲವಾದ ಟಬ್ಬಿನ ನೀರಿಗೆ ಸುರಿದು ಕದಡಬೇಕು. ಹಳೆಯ ಫೋಟೋ ಚೌಕಟ್ಟಿಗೆ ಸೊಳ್ಳೆಪರದೆಯ ಜಾಲರಿ ಬಿಗಿದರೆ ಜರಡಿ ಸಿದ್ಧ. ಅದನ್ನು ಟಬ್ಬಿನೊಳಗೆ ಓರೆಯಾಗಿ ಇಳಿಸಿ, ಮಟ್ಟವಾಗಿ ಮೇಲೆತ್ತಿ, ನೀರು ಸೋರುತ್ತಿರುವಾಗಲೇ ಮುಂದಕ್ಕೂ ಹಿಂದಕ್ಕೂ, ಆ ಮೇಲೆ ಎಡಕ್ಕೂ ಬಲಕ್ಕೂ ಒಮ್ಮೆ ಅಲುಗಿಸಿ. ಹಳೆಯ ಪಂಚೆಯ ತುಂಡಿನ ಮೇಲೆ ಕವುಚಿ, ಹಿಂಬದಿಯಿಂದ ಸ್ಪಂಜು ಒತ್ತಿದರೆ ಹಾಳೆ ಬಟ್ಟೆಗಿಳಿಯುತ್ತದೆ. ಬಟ್ಟೆ, ಹಾಳೆ, ಬಟ್ಟೆ, ಹಾಳೆ ಎಂದು ಪೇರಿಸಿ, ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ಒರಳುಕಲ್ಲಿನ ಗುಂಡನ್ನೋ ನೀರು ತುಂಬಿದ ಕೊಡವನ್ನೋ ಹೇರಿ. ಆ ಮೇಲೆ ಬಟ್ಟೆಯ ಸಮೇತ ನೆರಳಿನಲ್ಲಿ ಒಣಹಾಕಿ. ನಮ್ಮ ಲೆಕ್ಕದಲ್ಲಿ 20 ಹಾಳೆಗಳಿಂದ 15 ಸೆ.ಮೀ.ಗೆ 21 ಸೆ.ಮೀ. ಅಳತೆಯ 5 ದಪ್ಪ ಹಾಳೆಗಳು ಬಂದವು. ಮಡಿಸಿದರೆ ಐದು ಶುಭಾಶಯ ಪತ್ರ.

'ಅಂಟೇ ಹಾಕಿಲ್ಲವಲ್ಲ ಸಾರ್, ಇದು ಹೇಗೆ ಹಿಡಿದುಕೊಳ್ಳುತ್ತೆ?' ಎಂದು ಮಕ್ಕಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಕಾಗದವೆಂದರೆ ಗಿಡದ ನಾರು, ನಾರಿನ ಮುಖ್ಯ ವಸ್ತು ಸೆಲ್ಯುಲೋಸ್. ಅದರ ಅಣುವಿನ ಮೈತುಂಬ ಆಕ್ಸಿಜನ್-ಹೈಡ್ರೋಜನ್ ಜೋಡಿಗಳು. ನೀರಿನಲ್ಲೂ ಅಂಥದೇ ಜೋಡಿ ಇರುವುದರಿಂದ ನಾರು ನೀರನ್ನು ಕಂಡರೆ ಬಿಡದು. ಒಣಗುವಾಗ ನೀರು ಆವಿಯಾಗುತ್ತ ನಾರುಗಳನ್ನು ಪರಸ್ಪರ ಹತ್ತಿರಕ್ಕೆ ಎಳೆಯುತ್ತದೆ. ಕೊನೆಗೆ ನೀರು ಹೊರಟುಹೋದಾಗ ನಾರುಗಳೇ ಒಂದಕ್ಕೊಂದು ಕೈಹಿಡಿದುಕೊಳ್ಳುತ್ತವೆ. ಇದೇ ಹೈಡ್ರೋಜನ್ ಬಂಧ. ಪರೀಕ್ಷಿಸಿ ನೋಡಬೇಕೆಂದಿದ್ದರೆ ವೃತ್ತಪತ್ರಿಕೆಯ ಎರಡು ಪಟ್ಟಿ ಕತ್ತರಿಸಿ, ಒಂದನ್ನು ನೀರಿನಲ್ಲಿ, ಇನ್ನೊಂದನ್ನು ಅಡುಗೆ ಎಣ್ಣೆಯಲ್ಲಿ ಅದ್ದಿ ಎಳೆಯಿರಿ. ನೀರಿನದು ಕೈಗೆ ಕಿತ್ತು ಬರುತ್ತದೆ, ಎಣ್ಣೆಯದು ಗಟ್ಟಿಯಾಗಿಯೇ ಇರುತ್ತದೆ. ಎಣ್ಣೆಗೆ ಆ ಕೈಗಳನ್ನು ಬಿಡಿಸಲು ಬಾರದು. ಬಜ್ಜಿ ಕಟ್ಟಿದ ಕಾಗದ ಎಣ್ಣೆಯಲ್ಲಿ ತೊಯ್ದು ಪಾರದರ್ಶಕವಾದರೂ ಹರಿಯದಿರುವ ಗುಟ್ಟು ಇದೇ. (ಮುದ್ರಿಸಿದ ಕಾಗದದಲ್ಲಿ ತಿಂಡಿ ಕಟ್ಟಬಾರದೆಂಬುದು ಬೇರೆ ಮಾತು.)

ವೃತ್ತಪತ್ರಿಕೆಯಿಂದಲೇ ಕಾಗದ ಮಾಡಬಾರದೇ ಎನ್ನುವಿರಾ? ಮಾಡಬಹುದು, ಆದರೆ ಅದು ಬೂದು ಬಣ್ಣದ್ದಾಗಿ, ಬಿಸಿಲಿಗೆ ಬೇಗ ಹಳದಿಯಾಗುತ್ತದೆ. ಅದರಲ್ಲಿ ಮರದ ಲಿಗ್ನಿನ್ ಅಂಶ ಉಳಿದಿರುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಹತ್ತಿಯ ನಾರು. ಜೈಪುರದ ಬಳಿಯ ಸಾಂಗಾನೇರಿನಲ್ಲಿ ತಲೆಮಾರುಗಳಿಂದ ಕೈಕಾಗದ ಮಾಡುತ್ತ ಬಂದ ಕಾಗಜಿ ಮನೆತನಗಳು ಇಂದು ಬಳಸುವುದು ಹೆಚ್ಚಾಗಿ ಬನಿಯನ್ ಕಾರ್ಖಾನೆಗಳ ಹತ್ತಿ ಬಟ್ಟೆಯ ಚಿಂದಿಯನ್ನೇ. 1934ರಲ್ಲಿ ಗಾಂಧೀಜಿಯವರ ನೇತೃತ್ವದಲ್ಲಿ ವಾರ್ಧಾದಲ್ಲಿ ಹುಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಕೈಕಾಗದಕ್ಕೆ ಮರುಜೀವ ಕೊಟ್ಟ ಸಂಸ್ಥೆಗಳಲ್ಲೊಂದು. ಸಾಂಗಾನೇರಿನ ಕೈಕಾಗದ ಸಂಸ್ಥೆಗೆ ಆ ಸಂಘದ ಕಾರ್ಯದರ್ಶಿಯಾಗಿದ್ದ ಜೆ.ಸಿ. ಕುಮಾರಪ್ಪನವರ ಹೆಸರೇ ಇದೆ.

ಹೂವಿನ ವಿಷಯದಲ್ಲಿ ನಾವು ಪಟ್ಟ ಪಾಡು ಬೇರೆ. ದಾಸವಾಳದ ಎಸಳುಗಳನ್ನು ಒದ್ದೆ ತಿರುಳಿಗೆ ಹಾಕಿದರೆ ಸುತ್ತಲೂ ಬಣ್ಣ ಹರಡಿ, ಒಣಗಿದ ಮೇಲೆ ಕಂದು ಚೂರು ಮಾತ್ರ ಉಳಿಯಿತು. ಗುಲಾಬಿಯೂ ಹಾಗೇ. ಅವುಗಳ ಬಣ್ಣ ನೀರಿನಲ್ಲಿ ಕರಗುವಂಥದು. ಚೆಂಡುಹೂವಿನ ಹಳದಿ ನೀರಿನಲ್ಲಿ ಕರಗದ ಕೆರೊಟಿನಾಯ್ಡ್ ಜಾತಿಯದು. ತಿರುಳಿನಲ್ಲಿ ಮುಳುಗಿ ಎದ್ದರೂ ಹಾಗೆಯೇ ಹೊಳೆಯುತ್ತದೆ. ನಮ್ಮ ಬೇಲಿಗಳ ಮೇಲೆ ಹಬ್ಬುವ ಕಾಗದದ ಹೂವು ಹೆಸರಿಗೆ ತಕ್ಕಂತೆ ಈ ಕೆಲಸಕ್ಕೇ ಹುಟ್ಟಿದಂತಿದೆ. ಆದರೆ ಅದರ ಬಣ್ಣವೂ ನೀರಿಗೆ ಬಿಡುತ್ತದೆ, ಆದ್ದರಿಂದ ಪುಸ್ತಕದ ನಡುವೆ ಒಣಗಿಸಿ, ಹಾಳೆ ಸಿದ್ಧವಾದ ಮೇಲೆ ಅಂಟಿಸಬೇಕು. ಬೀಟ್‌ರೂಟಿನ ರಸದಲ್ಲಿ ಬಣ್ಣ ಹಾಕಿದ ಹಾಳೆ ಮೊದಲ ದಿನ ಬಲು ಚಂದ, ಬೆಳಕಿಗಿಟ್ಟರೆ ಕೆಲವೇ ದಿನಗಳಲ್ಲಿ ಪೆಚ್ಚು.

ಹೀಗೆ ಮಾಡಿದ ಹಾಳೆ ಹೀರುಕಾಗದದಂತೆ ಶಾಯಿ ಕುಡಿಯುತ್ತದೆ. ಮೊದಲ ಪತ್ರದ ಅಕ್ಷರ ಹರಡಲು ಇದೂ ಕಾರಣ. ಮೇಲೆ ತೆಳ್ಳನೆಯ ಅಕ್ಕಿಗಂಜಿಯ ತಿಳಿ ಬಳಿದು, ಒಣಗಿದ ಮೇಲೆ ನುಣುಪಾದ ಹೊಳೆಗಲ್ಲಿನಿಂದ ಉಜ್ಜಿದರೆ ಪೆನ್ನು ಸಲೀಸಾಗಿ ಓಡುತ್ತದೆ. ನಮ್ಮ ದೇಶದ ಹಳೆಯ ಕಾಗದಗಾರರೂ ಹೀಗೆಯೇ ಗಂಜಿ ಬಳಿದು ಉಜ್ಜುತ್ತಿದ್ದರು.

ಇನ್ನು ಅಂಟಿನ ಪ್ರಶ್ನೆ. ಎರಡನೆಯ ಪೆಟ್ಟಿಗೆಯ ಕೆಲಸ ನಿಂತದ್ದೇ ಇಲ್ಲಿ. ಉತ್ತರ ಸಿಕ್ಕಿದ್ದು ಪ್ರಯೋಗಶಾಲೆಯಲ್ಲಲ್ಲ, ಆ ಹುಡುಗಿಯ ಅಜ್ಜಿಯ ಬಳಿ. 'ಹುಣಸೆಬೀಜದ ಸರಿ ಮಾಡಬಾರದೇನ್ರೋ?' ಎಂದರಂತೆ. ಬೀಜ ಹುರಿದು, ಕಂದು ಸಿಪ್ಪೆ ಬಿಡಿಸಿ, ರಾತ್ರಿ ನೆನೆಸಿ, ನುಣ್ಣಗೆ ರುಬ್ಬಿ, ನೀರು ಬೆರೆಸಿ ಸಣ್ಣ ಉರಿಯಲ್ಲಿ ಕುದಿಸಿದರೆ ಹೊಳೆಯುವ ಅಂಟು. ಬೀಜದಲ್ಲಿರುವ ಮುಖ್ಯ ವಸ್ತುವಿನ ಹೆಸರು ಕ್ಸೈಲೊಗ್ಲುಕಾನ್. ಗಿಡಗಳ ಜೀವಕೋಶದ ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳಿಗೆ ಅಪ್ಪಿಕೊಂಡಿರುವುದೂ ಇದೇ ಬಗೆಯ ವಸ್ತು. ಎಂದರೆ, ಕಾಗದದ ನಾರಿಗೆ ಇದು ಹೊರಗಿನ ಅಂಟಲ್ಲ, ಹಳೆಯ ನೆಂಟ!

ಅಜ್ಜಿಯ ಸಲಹೆಗೆ ದೊಡ್ಡ ಹಿನ್ನೆಲೆಯೇ ಇದೆ. ಕಚೇರಿಯ ಫೈಲನ್ನು ನಾವು ಕಡತ ಎನ್ನುತ್ತೇವಷ್ಟೆ? ಮೂಲತಃ ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಹಿಂದುಮುಂದಾಗಿ ಮಡಿಸಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ವ್ಯಾಪಾರಿಗಳ ಲೆಕ್ಕ ಅದರಲ್ಲೇ, ಶೃಂಗೇರಿ ಮಠದ ಹಳೆಯ ದಾಖಲೆಗಳೂ ಅದರಲ್ಲೇ. ಹಳ್ಳಿಗಳಲ್ಲಿ ಹೆಂಗಸರು ಹಳೆಯ ಕಾಗದವನ್ನು ಮೆಂತ್ಯದೊಂದಿಗೆ ನೆನೆಸಿ, ಒರಳಿನಲ್ಲಿ ಕುಟ್ಟಿ, ಕೊಡಪಾನದ ಮೇಲೆ ಮೆತ್ತಿ ಬುಟ್ಟಿ ಮಾಡುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಮೆಂತ್ಯದ ಲೋಳೆಯೂ ಇಂಥದೇ ಅಂಟು.

ಹುಣಸೆಯ ಅಂಟಿಗೂ ಬೂಷ್ಟು ಬಾರದೆಂದಲ್ಲ. ಹಿಂದೆ ಅಂಟಿಗೆ ಮೈಲುತುತ್ತ ಬೆರೆಸುವ ರೂಢಿಯಿತ್ತು. ಅದು ವಿಷ, ಮಕ್ಕಳ ಕೈಗೆ ಕೂಡದು. ನಾವು ಅಂಟನ್ನು ಅಂದಂದಿಗೆ ಬೇಕಾದಷ್ಟೇ ಮಾಡಿ, ಲವಂಗ ಕುದಿಸಿದ ನೀರು ಬೆರೆಸಿ, ತೆಳ್ಳಗೆ ಹಚ್ಚಿದೆವು. ಪೆಟ್ಟಿಗೆಯನ್ನು ಮುಚ್ಚಳ ತೆಗೆದೇ ಒಲೆಯ ಮೇಲಿನ ಅಟ್ಟದಲ್ಲಿ ಒಂದು ವಾರ ಇಟ್ಟೆವು. ಮಳೆಗಾಲದಲ್ಲಿ ಹಪ್ಪಳ-ಸಂಡಿಗೆಯ ಡಬ್ಬಕ್ಕೆ ಮೀಸಲಾದ ಜಾಗ ಅದು.

ಈ ನಡುವೆ ಒಬ್ಬ ತಂದೆ ಶಾಲೆಗೆ ಬಂದರು. ಮಗ ಹತ್ತನೆಯ ತರಗತಿ. 'ಪಾಠ ಬಿಟ್ಟು ಕಾಗದ ಕುಟ್ಟಿಸ್ತೀರಂತೆ' ಎಂದು ಆಕ್ಷೇಪ. ಅವರ ಮಾತಿನಲ್ಲಿ ಅರ್ಥವಿಲ್ಲದಿರಲಿಲ್ಲ. ಹತ್ತನೆಯವರಿಗೆ ಶನಿವಾರ ಮಧ್ಯಾಹ್ನ ಮಾತ್ರ ಎಂದು ಅಂದೇ ಒಪ್ಪಿಕೊಂಡೆ. ಹೊರಡುವಾಗ ಮೇಜಿನ ಮೇಲಿದ್ದ ಪೆಟ್ಟಿಗೆಯ ಮುಚ್ಚಳ ಎತ್ತಲು ನೋಡಿದರು, ಅದು ಬರಲಿಲ್ಲ. ಅವರು ಬಡಗಿ. 'ಸಂದು ಬಿಟ್ಟಿಲ್ಲ ಮೇಷ್ಟ್ರೇ. ಮಳೆಗಾಲದಲ್ಲಿ ಬಾಗಿಲು ಹಿಡ್ಕೊಳಲ್ವೇ, ಇದೂ ಹಂಗೇ' ಎಂದರು. ಮರವೂ ಕಾಗದವೂ ಒಂದೇ ನಾರು, ತೇವಕ್ಕೆ ಎರಡೂ ಉಬ್ಬುತ್ತವೆ. ಪಾಠ ಮಾಡುವ ನನಗೆ ಹೊಳೆಯದ್ದು ಉಳಿ ಹಿಡಿಯುವವರಿಗೆ ಹೊಳೆಯಿತು. ಅವರು ಹೇಳಿಕೊಟ್ಟ ಲೆಕ್ಕ ಇದು: ಮುಚ್ಚಳದ ಒಳ ಅಳತೆ ತಳದ ಹೊರ ಅಳತೆಗಿಂತ ಎಲ್ಲ ಬದಿಗೂ ಒಂದು ಮಿ.ಮೀ. ಹೆಚ್ಚಿರಲಿ, ಕೈಕಾಗದವಾದರೆ ಇನ್ನೂ ಅರ್ಧ ಮಿ.ಮೀ. ಸೇರಿಸಿ.

ಅಂಟೇ ಬೇಡದ ಪೆಟ್ಟಿಗೆಯೂ ಇದೆ. ಜಪಾನಿನಲ್ಲಿ ಅಕ್ಕಿ ಅಳೆಯುತ್ತಿದ್ದ ಚೌಕ ಮರದ ಅಳತೆಗೆ 'ಮಾಸು' ಎಂದು ಹೆಸರು, ನಮ್ಮ ಪಾವು-ಸೇರಿನಂತೆ. ಅದೇ ಆಕಾರಕ್ಕೆ ಕಾಗದ ಮಡಿಸುವ ಕ್ರಮಕ್ಕೂ ಅದೇ ಹೆಸರು. ಇದಕ್ಕೆ ದಪ್ಪ ಕೈಕಾಗದ ಸಲ್ಲದು, ಹಳೆಯ ಕ್ಯಾಲೆಂಡರಿನ ಹಾಳೆ ಒಳ್ಳೆಯದು. 20 ಸೆ.ಮೀ. ಚೌಕದ ನಾಲ್ಕು ಮೂಲೆಗಳನ್ನು ನಡುವಿಗೆ ಮಡಿಸಿ. ಬರುವ ಚಿಕ್ಕ ಚೌಕದ ಬದಿ 14.1 ಸೆ.ಮೀ. ಅದರ ಎದುರುಬದುರು ಅಂಚುಗಳನ್ನು ಮತ್ತೆ ನಡುಗೆರೆಗೆ ಮಡಿಸಿ ಬಿಡಿಸಿ, ಇನ್ನೆರಡು ಅಂಚುಗಳಿಗೂ ಹಾಗೆಯೇ ಮಾಡಿ. ಎದುರುಬದುರಿನ ಎರಡು ಮೂಲೆ ಬಿಚ್ಚಿ, ಗೋಡೆಗಳನ್ನು ನಿಲ್ಲಿಸಿ, ಬಿಚ್ಚಿದ ಮೂಲೆಗಳನ್ನು ಒಳಕ್ಕೆ ಹಾಯಿಸಿದರೆ ಪೆಟ್ಟಿಗೆ. ತಳ ಸುಮಾರು 7.1, ಎತ್ತರ ಸುಮಾರು 3.5 ಸೆ.ಮೀ. ಪೈಥಾಗೊರಸ್ ಪ್ರಮೇಯ ಗೊತ್ತಿರುವವರು ಏಕೆಂದು ಲೆಕ್ಕ ಹಾಕಿ. ಮುಚ್ಚಳಕ್ಕೆ 20.6 ಸೆ.ಮೀ. ಚೌಕ ತೆಗೆದುಕೊಂಡರೆ ಅದು 2 ಮಿ.ಮೀ. ದೊಡ್ಡದಾಗಿ ಸರಿಯಾಗಿ ಕೂರುತ್ತದೆ.

ಮದುವೆಯ ಕರೆಯೋಲೆಗಳು ಪ್ರತಿ ಮನೆಯಲ್ಲೂ ಇರುತ್ತವೆ. ಗಣಪತಿಯ ಚಿತ್ರವಿದೆಯೆಂದು ಎಸೆಯಲೂ ಮನಸ್ಸಿಲ್ಲ, ಇಡಲೂ ಜಾಗವಿಲ್ಲ. ದೇವರ ಚಿತ್ರವನ್ನು ಜೋಪಾನವಾಗಿ ಕತ್ತರಿಸಿ ಮುಚ್ಚಳದ ಮೇಲೆ ಕೂರಿಸಿದರೆ ಎರಡು ಸಮಸ್ಯೆಗೂ ಪರಿಹಾರ. ಆದರೆ ಇಂಥ ಗಟ್ಟಿ ಕಾಗದ ಮಡಿಸುವಾಗ ಕೆಲವೊಮ್ಮೆ ಗೆರೆಯುದ್ದಕ್ಕೂ ಬಿರಿಯುತ್ತದೆ. ಯಂತ್ರದಲ್ಲಿ ಮಾಡಿದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿಗೇ ಮಡಿಸಿದರೆ ನಯ, ಅಡ್ಡಲಾಗಿ ಮಡಿಸಿದರೆ ಬಿರುಕು. ದಿಕ್ಕು ತಿಳಿಯಲು ಒಂದು ಚೂರಿನ ಒಂದು ಮೈಗೆ ನೀರು ಸವರಿ. ನಾರು ಅಡ್ಡಕ್ಕೆ ಉಬ್ಬುವುದರಿಂದ ಚೂರು ಕೊಳವೆಯಂತೆ ಸುರುಳಿಯಾಗುತ್ತದೆ. ಕೊಳವೆಯ ಉದ್ದವೇ ನಾರಿನ ದಿಕ್ಕು. ಮಡಿಸುವ ಮೊದಲು ಖಾಲಿ ರೀಫಿಲ್ಲಿನಿಂದ ಸ್ಕೇಲಿಟ್ಟು ಗೆರೆ ಒತ್ತಿಕೊಳ್ಳಿ. ಕೈಕಾಗದಕ್ಕೆ ಈ ಕಾಟ ಅಷ್ಟಿಲ್ಲ, ಎರಡೂ ಕಡೆಗೆ ಅಲುಗಿಸಿದ ಜರಡಿಯಲ್ಲಿ ನಾರು ದಿಕ್ಕಾಪಾಲಾಗಿ ಬಿದ್ದಿರುತ್ತದೆ.

ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಗುಟ್ಟಿನ ಪತ್ರ. ಬಿಳಿ ಕಾರ್ಡಿನ ಮೇಲೆ ವಾಷಿಂಗ್ ಸೋಡಾ ಕರಗಿಸಿದ ನೀರಿನಿಂದ, ಕಡ್ಡಿಗೆ ಹತ್ತಿ ಸುತ್ತಿ ಬರೆದರೆ ಒಣಗಿದ ಮೇಲೆ ಏನೂ ಕಾಣದು. ಪಡೆದವರು ಅರಿಸಿನ ನೀರು ಸವರಿದೊಡನೆ ಹಳದಿಯ ನಡುವೆ ಕೆಂಪು ಅಕ್ಷರ ಮೂಡುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದು ಇದೇ ಕ್ರಿಯೆಯಿಂದ. ಹಾಗೆಂದು ಸುಣ್ಣದ ತಿಳಿಯಿಂದ ಬರೆಯಬೇಡಿ, ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸೀಮೆಸುಣ್ಣದ ಜಾತಿಯಾಗಿಬಿಡುತ್ತದೆ. ತಾಯಿಯ ಹುಟ್ಟುಹಬ್ಬಕ್ಕೆಂದು ಸುಣ್ಣದಲ್ಲಿ ಬರೆದ ಹುಡುಗನೊಬ್ಬ ಸಂಜೆಯೆಲ್ಲ ಅರಿಸಿನ ಬಳಿದದ್ದೇ ಬಂತು.

ಎರಡನೆಯ ಪೆಟ್ಟಿಗೆ ನವೆಂಬರಿನಲ್ಲಿ ಸಿದ್ಧವಾಯಿತು. ಆ ಹುಡುಗಿ ಅದನ್ನು ಅಂಚೆಯಲ್ಲಿ ಕಳಿಸಲು ಒಪ್ಪಲಿಲ್ಲ. ತಂದೆಯೊಂದಿಗೆ ಬಸ್ಸಿನಲ್ಲಿ ಹೋಗಿ ಹಳೆಯ ಹೆಡ್‌ಮಾಸ್ತರರ ಕೈಗೇ ಕೊಟ್ಟು ಬಂದಳು. ಮುಂದಿನ ಮಳೆಗಾಲ ಮುಗಿದ ಮೇಲೆ ಅವರಿಂದ ನನಗೊಂದು ಅಂಚೆಕಾರ್ಡು ಬಂತು. ಪೆಟ್ಟಿಗೆಗೆ ಬೂಷ್ಟು ಬಂದಿಲ್ಲ, ಅದರಲ್ಲಿ ಕನ್ನಡಕ ಇಡುತ್ತೇನೆ ಎಂದು ಬರೆದಿದ್ದರು. ಕೆಳಗೆ ಇನ್ನೊಂದು ಸಾಲಿತ್ತು. ಮುಚ್ಚಳದ ಒಳಮೈಯಲ್ಲಿ ಸರಿಯಾಗಿ ಅರೆಯದೆ ಉಳಿದ ಚೂರೊಂದಿದೆಯಂತೆ, ಅದರ ಮೇಲೆ ಯಾವುದೋ ಉತ್ತರಕ್ಕೆ ನಾನು ಕೆಂಪು ಶಾಯಿಯಲ್ಲಿ ಹಾಕಿದ್ದ ಅರ್ಧ ತಪ್ಪು ಗುರುತು ಈಗಲೂ ಕಾಣುತ್ತದಂತೆ.