ಒಂದೇ ತೆರೆ, ನೂರು ನೋಟ

ಸುಮಾರು 1910ರ ಮಾತು. ಮುಂಬಯಿಯ ಚಿತ್ರಮಂದಿರವೊಂದರಲ್ಲಿ ಯೇಸುಕ್ರಿಸ್ತನ ಜೀವನವನ್ನು ಕುರಿತ ಮೂಕಿಚಿತ್ರ ನಡೆಯುತ್ತಿತ್ತು. ಪ್ರೇಕ್ಷಕರ ನಡುವೆ ಕುಳಿತಿದ್ದ ಧುಂಡಿರಾಜ ಗೋವಿಂದ ಫಾಲ್ಕೆಯವರ ಕಣ್ಣು ತೆರೆಯ ಮೇಲಿತ್ತು. ಮನಸ್ಸು ಮಾತ್ರ ಗೋಕುಲ, ಅಯೋಧ್ಯೆಗಳಲ್ಲಿ ಅಲೆಯುತ್ತಿತ್ತು. ನಮ್ಮ ರಾಮನನ್ನು, ಕೃಷ್ಣನನ್ನು ಹೀಗೆ ತೆರೆಯ ಮೇಲೆ ನೋಡುವುದು ಯಾವಾಗ ಎಂಬ ಹಂಬಲ ಅವರನ್ನು ಹಿಡಿಯಿತು. ಪತ್ನಿಯನ್ನೂ ಕರೆದೊಯ್ದು ಅದೇ ಚಿತ್ರವನ್ನು ಮತ್ತೊಮ್ಮೆ ನೋಡಿದರು. ಆ ಹಂಬಲದ ಫಲವೇ 1913ರ ‘ರಾಜಾ ಹರಿಶ್ಚಂದ್ರ’.

ಯೇಸುವಿನ ಕಥೆ ನೋಡಿದವರಿಗೆ ಶ್ರೀಕೃಷ್ಣ ಕಂಡದ್ದು ಹೇಗೆ? ಬೆಳಕು ಬೀಳುವುದು ಬಟ್ಟೆಯ ತೆರೆಯ ಮೇಲೆ. ಚಿತ್ರ ಪೂರ್ಣಗೊಳ್ಳುವುದು ನೋಡುವವನ ಮನಸ್ಸಿನಲ್ಲಿ. ಕ್ರಿಸ್ತನ ಹಾಗೂ ಆದಿ ಕ್ರೈಸ್ತರ ಕಾಲವನ್ನು ಕುರಿತ ಚಲನಚಿತ್ರಗಳ ಚರಿತ್ರೆ ಉದ್ದಕ್ಕೂ ಇದಕ್ಕೆ ಸಾಕ್ಷಿಯಾಗಿದೆ.

ಮುಖ ತೋರಿಸದ ಕ್ರಿಸ್ತ

ಬ್ರಿಟನ್ನಿನಲ್ಲಿ 1912ರಲ್ಲಿ ಚಲನಚಿತ್ರ ಸೆನ್ಸಾರ್ ಮಂಡಳಿ ಸ್ಥಾಪನೆಯಾದಾಗ ಅದು ಇಟ್ಟುಕೊಂಡ ನಿಯಮಗಳು ಎರಡೇ. ನಗ್ನತೆ ಕೂಡದು ಎಂಬುದು ಒಂದು. ಕ್ರಿಸ್ತನ ಪಾತ್ರವನ್ನು ನಟನೊಬ್ಬ ಧರಿಸಕೂಡದು ಎಂಬುದು ಇನ್ನೊಂದು. ದೇವರೆಂದು ಪೂಜಿಸುವವನ ವೇಷವನ್ನು ಕೂಲಿ ಪಡೆಯುವ ನಟ ಹಾಕಬಹುದೇ ಎಂಬ ಅಳುಕು ಭಕ್ತರಲ್ಲಿ ಅಷ್ಟು ಆಳವಾಗಿತ್ತು.

ಅಮೆರಿಕದಲ್ಲಿ ಆ ಕಟ್ಟು ಇರಲಿಲ್ಲ. ಆದರೂ 1959ರ ‘ಬೆನ್‌ಹರ್’ ಚಿತ್ರದಲ್ಲಿ ನಿರ್ದೇಶಕ ವಿಲಿಯಂ ವೈಲರ್ ಯೇಸುವಿನ ಮುಖ ತೋರಿಸಲಿಲ್ಲ. ಯೇಸು ಬಾಯಾರಿದ ಸೆರೆಯಾಳಿಗೆ ನೀರು ಕೊಡುತ್ತಾನೆ. ತಡೆಯಲು ಬಂದ ರೋಮನ್ ಸಿಪಾಯಿ ಆ ಮುಖ ನೋಡಿ ತಬ್ಬಿಬ್ಬಾಗುತ್ತಾನೆ. ಪ್ರೇಕ್ಷಕನಿಗೆ ಕಾಣುವುದು ಸಿಪಾಯಿಯ ಮುಖ ಮಾತ್ರ. ಭಕ್ತನಿಗೆ ತನ್ನ ದೇವರನ್ನು ಕಲ್ಪಿಸಿಕೊಳ್ಳಲು ಅಲ್ಲಿ ಎಡೆ ಉಂಟು. ಭಕ್ತನಲ್ಲದವನಿಗೂ ಕರುಣೆ ಅರ್ಥವಾಗುತ್ತದೆ. ಹನ್ನೊಂದು ಆಸ್ಕರ್ ಗಳಿಸಿದ ಈ ಚಿತ್ರವನ್ನು ರಥಗಳ ಓಟಕ್ಕಾಗಿ ನೋಡಿದವರೂ ಉಂಟು, ಶಿಲುಬೆಯ ದೃಶ್ಯಕ್ಕಾಗಿ ನೋಡಿದವರೂ ಉಂಟು.

ತಂತ್ರಜ್ಞಾನದ ಆಕರ್ಷಣೆಯೂ ಕಡಿಮೆಯದಲ್ಲ. 1953ರ ‘ದಿ ರೋಬ್’ ಸಿನೆಮಾಸ್ಕೋಪಿನಲ್ಲಿ ಬಿಡುಗಡೆಯಾದ ಮೊದಲ ಕಥಾಚಿತ್ರ. ವಿಶೇಷ ಮಸೂರವೊಂದು ಅಗಲವಾದ ದೃಶ್ಯವನ್ನು ಅಡ್ಡಲಾಗಿ ಅರ್ಧಕ್ಕೆ ಕುಗ್ಗಿಸಿ ಫಿಲ್ಮಿನಲ್ಲಿ ಸೆರೆಹಿಡಿಯುತ್ತದೆ. ಪ್ರೊಜೆಕ್ಟರಿನ ಮಸೂರ ಅದನ್ನು ಮತ್ತೆ ಹಿಗ್ಗಿಸುತ್ತದೆ. ಎತ್ತರಕ್ಕಿಂತ ಎರಡೂವರೆ ಪಟ್ಟು ಅಗಲದ ತೆರೆ ನೋಡಲೆಂದೇ ಜನ ಮುಗಿಬಿದ್ದರು.

ನೋವುಂಡವರ ದನಿ

ಒಬ್ಬರ ಭಕ್ತಿ ಇನ್ನೊಬ್ಬರಿಗೆ ಭಯ ಹುಟ್ಟಿಸಬಹುದು. ಸೆಸಿಲ್ ಡಿಮಿಲ್ ಅವರ ‘ದಿ ಕಿಂಗ್ ಆಫ್ ಕಿಂಗ್ಸ್’ (1927) ಕ್ರೈಸ್ತರ ಮನಗೆದ್ದಿತು. ಆದರೆ ಯೇಸುವಿನ ಸಾವಿನ ಹೊಣೆಯನ್ನು ತಮ್ಮ ಜನಾಂಗದ ಮೇಲೆ ಹೊರಿಸಲಾಗಿದೆ ಎಂದು ಯಹೂದ್ಯ ಸಂಘಟನೆಗಳು ಪ್ರತಿಭಟಿಸಿದವು. ಚಿತ್ರದಲ್ಲಿ ಕೆಲವು ಬದಲಾವಣೆಗಳಾದವು. ಅವರ ಅಂಜಿಕೆಗೆ ಕಾರಣವಿತ್ತು. ಇದೇ ಆರೋಪ ಹೊತ್ತು ಯೂರೋಪಿನ ಯಹೂದ್ಯರು ಶತಮಾನಗಳ ಕಾಲ ಹಿಂಸೆ ಅನುಭವಿಸಿದ್ದರು. ಇಡೀ ಯಹೂದ್ಯ ಜನಾಂಗವನ್ನು ಹೊಣೆ ಮಾಡುವುದು ಸಲ್ಲದೆಂದು ಕ್ಯಾಥೊಲಿಕ್ ಧರ್ಮಸಭೆ 1965ರಲ್ಲಿ ಘೋಷಿಸಿತು.

ಆ ಗಾಯ ಮತ್ತೆ ನೊಂದದ್ದು ಮೆಲ್ ಗಿಬ್ಸನ್ ಅವರ ‘ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್’ ಬಂದಾಗ. 2004ರ ಫೆಬ್ರವರಿ 25, ವಿಭೂತಿ ಬುಧವಾರದಂದು ಅದು ಬಿಡುಗಡೆಯಾಯಿತು. ಮಾತೆಲ್ಲ ಅರಾಮಿಕ್, ಹೀಬ್ರೂ, ಲ್ಯಾಟಿನ್ ಭಾಷೆಗಳಲ್ಲಿ. ಹೀಗಿದ್ದೂ ಸುಮಾರು ಮೂರು ಕೋಟಿ ಡಾಲರಿನಲ್ಲಿ ತಯಾರಾದ ಚಿತ್ರ ಜಗತ್ತಿನಾದ್ಯಂತ ಅರವತ್ತು ಕೋಟಿಗೂ ಮಿಕ್ಕಿ ಗಳಿಸಿತು. ಚರ್ಚುಗಳು ಇಡೀ ಪ್ರದರ್ಶನದ ಟಿಕೆಟುಗಳನ್ನೇ ಕೊಂಡವು.

ಪ್ರತಿಕ್ರಿಯೆಗಳೋ ನಾನಾ ಬಗೆ. ಹಲವರು ಬಿಕ್ಕಿ ಬಿಕ್ಕಿ ಅತ್ತರು, ಪ್ರಾರ್ಥಿಸಿದರು. ಟೆಕ್ಸಾಸಿನ ಯುವಕನೊಬ್ಬ ಚಿತ್ರ ನೋಡಿದ ಬಳಿಕ ಪೊಲೀಸರ ಬಳಿ ಹೋಗಿ, ಆತ್ಮಹತ್ಯೆ ಎಂದು ಎಲ್ಲರೂ ನಂಬಿದ್ದ ಸಾವೊಂದು ತಾನು ಮಾಡಿದ ಕೊಲೆ ಎಂದು ಒಪ್ಪಿಕೊಂಡ. ಕಾನ್ಸಾಸಿನಲ್ಲಿ ಶಿಲುಬೆಯ ದೃಶ್ಯ ನಡೆಯುತ್ತಿದ್ದಾಗಲೇ ಮಹಿಳೆಯೊಬ್ಬರು ಕುಸಿದು ತೀರಿಕೊಂಡರು. ವಿಮರ್ಶಕ ರೋಜರ್ ಈಬರ್ಟ್, ತಾವು ಕಂಡ ಅತ್ಯಂತ ಹಿಂಸಾತ್ಮಕ ಚಿತ್ರ ಇದೇ ಎನ್ನುತ್ತಲೇ ಅದಕ್ಕೆ ಪೂರ್ಣಾಂಕ ಕೊಟ್ಟರು. ಯಹೂದ್ಯ ಸಂಘಟನೆಗಳ ಆಕ್ಷೇಪದ ಹಿನ್ನೆಲೆಯಲ್ಲಿ ಮತ್ತಾಯನ ಸುವಾರ್ತೆಯ ಒಂದು ಮಾತಿನ ಅನುವಾದವನ್ನು ತೆರೆಯಿಂದ ತೆಗೆಯಲಾಯಿತು. ಮೂಲದ ಮಾತು ಧ್ವನಿಯಲ್ಲಿ ಹಾಗೆಯೇ ಉಳಿಯಿತು.

ಅಮೆರಿಕದಲ್ಲಿ ಹದಿನೇಳು ತುಂಬದವರು ಹಿರಿಯರ ಜೊತೆಗಲ್ಲದೆ ಈ ಚಿತ್ರಕ್ಕೆ ಹೋಗುವಂತಿರಲಿಲ್ಲ. ಬೇರೆ ಚಿತ್ರಗಳ ಹೊಡೆದಾಟವನ್ನು ಖಂಡಿಸುತ್ತಿದ್ದ ಎಷ್ಟೋ ತಂದೆತಾಯಿಯರು ಇದಕ್ಕೆ ಮಾತ್ರ ಮಕ್ಕಳನ್ನು ಕರೆದೊಯ್ದರು. ಚಾಟಿಯೇಟಿನ ದೀರ್ಘ ದೃಶ್ಯ ಮಗುವಿನ ಮನಸ್ಸಿನಲ್ಲಿ ಭಕ್ತಿಯಾಗಿ ನಿಲ್ಲುತ್ತದೆಯೋ ಭಯವಾಗಿ ನಿಲ್ಲುತ್ತದೆಯೋ? ಸುಮಾರು ಐದು ನಿಮಿಷಗಳ ಕ್ರೂರ ದೃಶ್ಯಗಳನ್ನು ಕತ್ತರಿಸಿ 2005ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಹೆಚ್ಚು ಜನ ಬರಲಿಲ್ಲ.

ಕಂಡದ್ದೆಲ್ಲ ಚರಿತ್ರೆಯಲ್ಲ

ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ‘ಬೆನ್‌ಹರ್’ ಲ್ಯೂ ವ್ಯಾಲೇಸ್ 1880ರಲ್ಲಿ ಪ್ರಕಟಿಸಿದ ಕಾದಂಬರಿ. ಅದರ ನಾಯಕ ಬೈಬಲಿನಲ್ಲಿಲ್ಲ. ಹಡಗಿನಲ್ಲಿ ಸರಪಳಿ ಬಿಗಿದ ಗುಲಾಮರು ಹುಟ್ಟು ಹಾಕುವ ದೃಶ್ಯ ಎಲ್ಲರ ನೆನಪಿನಲ್ಲಿದೆ. ಆದರೆ ರೋಮನ್ ಯುದ್ಧನೌಕೆಗಳಲ್ಲಿ ಹುಟ್ಟು ಹಾಕುತ್ತಿದ್ದವರು ಬಹುಮಟ್ಟಿಗೆ ಸಂಬಳದ ಸ್ವತಂತ್ರರು ಎನ್ನುತ್ತಾರೆ ಇತಿಹಾಸಕಾರರು. ‘ಕ್ವೊ ವಾಡಿಸ್’ (1951) ಚಿತ್ರದಲ್ಲಿ ನೀರೋ ತಾನೇ ರೋಮಿಗೆ ಬೆಂಕಿ ಹಾಕಿಸುತ್ತಾನೆ. ಕ್ರಿ.ಶ. 64ರಲ್ಲಿ ಬೆಂಕಿ ಹೊತ್ತಿದಾಗ ನೀರೋ ಊರಲ್ಲಿರಲಿಲ್ಲ ಎಂದು ಪ್ರಾಚೀನ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಅಪವಾದ ಕಳೆದುಕೊಳ್ಳಲು ಕ್ರೈಸ್ತರನ್ನು ಗುರಿಮಾಡಿ ಕ್ರೂರವಾಗಿ ಕೊಲ್ಲಿಸಿದ ಎಂದೂ ಅವನೇ ದಾಖಲಿಸಿದ್ದಾನೆ. ಒಂದೇ ಚಿತ್ರದಲ್ಲಿ ಕಲ್ಪನೆಯೂ ಸತ್ಯವೂ ಹೀಗೆ ಹೆಣೆದುಕೊಂಡಿರುತ್ತವೆ.

ನಮಗಿದು ಅಪರಿಚಿತವೇನಲ್ಲ. 1987ರಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ ಆರಂಭವಾದಾಗ ಟಿ.ವಿ. ಪೆಟ್ಟಿಗೆಗೆ ಹೂಮಾಲೆ ಹಾಕಿ, ಊದುಬತ್ತಿ ಹಚ್ಚಿದ ಮನೆಗಳಿದ್ದವು. ಪಾತ್ರಧಾರಿಗಳಿಗೂ ಜನ ಕೈಮುಗಿದರು. ತೆಲುಗಿನ ‘ಕರುಣಾಮಯುಡು’ (1978) ಯೇಸುವಿನ ಕಥೆಯನ್ನು ನಮ್ಮ ಪೌರಾಣಿಕ ಚಿತ್ರಗಳ ಧಾಟಿಯಲ್ಲೇ ಹೇಳಿತು.

ಮನೆಯಲ್ಲಿ ಇಂಥ ಚಿತ್ರ ನೋಡಿದಾಗ, ಅದು ಯಾವ ಧರ್ಮದ್ದೇ ಇರಲಿ, ಹಿರಿಯರು ಮಕ್ಕಳೊಂದಿಗೆ ಮಾತಾಡುವುದು ಒಳ್ಳೆಯದು. ಗ್ರಂಥದಲ್ಲಿರುವುದೆಷ್ಟು, ಇತಿಹಾಸ ಹೇಳುವುದೆಷ್ಟು, ಕಥೆಗಾರ ಸೇರಿಸಿದ್ದೆಷ್ಟು? ಇದನ್ನು ನೋಡಿ ಯಾರಿಗೆ ಸಮಾಧಾನವಾದೀತು, ಯಾರಿಗೆ ನೋವಾದೀತು? ಪ್ರಶ್ನೆ ಕೇಳಿದ ಮಾತ್ರಕ್ಕೆ ಭಕ್ತಿ ಕುಂದುವುದಿಲ್ಲ. ಪಕ್ಕದ ಕುರ್ಚಿಯಲ್ಲಿ ಕುಳಿತವನು ಯಾಕೆ ಅಳುತ್ತಿದ್ದಾನೆ, ಇನ್ನೊಬ್ಬ ಯಾಕೆ ಎದ್ದುಹೋದ ಎಂಬುದು ಅರ್ಥವಾದರೆ, ಟಿಕೆಟಿಗೆ ಕೊಟ್ಟ ಹಣ ವ್ಯರ್ಥವಾಗಲಿಲ್ಲ.