ಮನೆಗೊಪ್ಪುವ ನಾದ

ಬೇಲೂರಿನ ಮದನಿಕೆಯರಲ್ಲಿ ಕೆಲವರ ಕೈಯಲ್ಲಿ ವಾದ್ಯಗಳಿವೆ; ಹಳೇಬೀಡಿನ ಹೊಯ್ಸಳೇಶ್ವರನ ಗೋಡೆಗಳ ಮೇಲೂ ಮದ್ದಳೆ ಬಾರಿಸುವವರು, ಕೊಳಲೂದುವವರು ನಿಂತಿದ್ದಾರೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ನವರಂಗದ ನಡುವೆ ನುಣುಪಾದ ದುಂಡು ಜಗಲಿಯೊಂದುಂಟು. ರಾಣಿ ಶಾಂತಲೆಯನ್ನು ಶಾಸನಗಳು ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆಯೆಂದು ಹೊಗಳುತ್ತವೆ. ಅಂದಿನ ಗಾಯಕನಿಗೆ ಧ್ವನಿವರ್ಧಕದ ಹಂಗಿರಲಿಲ್ಲ. ನಾದಕ್ಕೂ ಮಂಟಪಕ್ಕೂ ಅಳತೆ ಸರಿಹೋಗಿತ್ತು.

ಇಂದು ಅರಸೀಕೆರೆಯ ಮನೆಯೊಂದರಲ್ಲಿ, ಇದೇ ಹಾಸನ ಜಿಲ್ಲೆಯ ರುದ್ರಪಟ್ಟಣದಲ್ಲಿ 1920ರಲ್ಲಿ ಜನಿಸಿದ ಆರ್. ಕೆ. ಶ್ರೀಕಂಠನ್ ಅವರ ಗಾಯನವನ್ನು ಕೇಳಬಯಸುವವನಿಗೆ ಆ ಅಳತೆಯನ್ನು ಒದಗಿಸಬೇಕಾದುದು ಆಂಪ್ಲಿಫೈಯರು. ಅದನ್ನು ಆರಿಸುವುದು ಹೇಗೆ?

ಅಂಗಡಿಯವನು ಮೊದಲು ಹೇಳುವುದು ವ್ಯಾಟುಗಳ ಲೆಕ್ಕ. ಆದರೆ ಕಿವಿಯ ಗಣಿತ ಬೇರೆ. 50 ವ್ಯಾಟಿನದನ್ನು ಬಿಟ್ಟು 100 ವ್ಯಾಟಿನದನ್ನು ತಂದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಸದ್ದು ಇಮ್ಮಡಿಯಾದಂತೆ ತೋರಬೇಕಾದರೆ ಶಕ್ತಿ ಸುಮಾರು ಹತ್ತು ಮಡಿಯಾಗಬೇಕು. ಸಾಧಾರಣ ಕೊಠಡಿಯಲ್ಲಿ ಹಿತವಾಗಿ ಕೇಳುವಾಗ ಸ್ಪೀಕರು ಬಹುಪಾಲು ಒಂದು ವ್ಯಾಟಿನ ಆಸುಪಾಸಿನಲ್ಲೇ ತೃಪ್ತಿಪಡುತ್ತದೆ. ಹಾಗೆಂದು ಒಂದು ವ್ಯಾಟೇ ಸಾಕೆಂದಲ್ಲ. ಮೃದಂಗದ ಒಂದು ಗಟ್ಟಿ ಪೆಟ್ಟು ಕ್ಷಣಮಾತ್ರ ಹತ್ತಾರು ಪಾಲು ಶಕ್ತಿಯನ್ನು ಬೇಡುತ್ತದೆ. ಕೊಡಲಾರದ ಯಂತ್ರದಲ್ಲಿ ಆ ಅಲೆಯ ತುದಿ ಕತ್ತರಿಸಿಹೋಗಿ ನಾದ ಒಡಕಾಗುತ್ತದೆ. ಇಪ್ಪತ್ತು ಮೂವತ್ತು ಶುದ್ಧ ವ್ಯಾಟುಗಳು ಸಾಮಾನ್ಯ ಮನೆಗೆ ಧಾರಾಳ. ಸ್ಪೀಕರಿನ ಓಮುಗಳು ಯಂತ್ರಕ್ಕೆ ಒಗ್ಗುವಂತಿರಬೇಕು.

ಇನ್ನೊಂದು ಸೂಕ್ಷ್ಮವುಂಟು. ದನಿ ತಗ್ಗಿದಂತೆ ಕಿವಿಗೆ ಮಂದ್ರಸ್ವರಗಳು ಇತರ ಸ್ವರಗಳಿಗಿಂತ ಬೇಗನೆ ಕ್ಷೀಣಿಸುತ್ತವೆಂದು 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ತೋರಿಸಿದರು. ನೆರೆಯವರು ಮಲಗಿದ ಮೇಲೆ ಮೆಲ್ಲಗೆ ಕೇಳುವವನಿಗೆ ಮಂದ್ರವನ್ನು ತುಸು ಎತ್ತಿಕೊಡುವ ತಿರುಗುಗುಂಡಿ ಆಡಂಬರವಲ್ಲ, ಅಗತ್ಯ. ಬರಿಯ ಸಿಮೆಂಟು ಗೋಡೆಗಳ ಕೋಣೆಗೆ ಒಂದು ಜಮಖಾನ, ಒಂದು ಪುಸ್ತಕದ ಕಪಾಟು ಮಾಡುವ ಉಪಕಾರವನ್ನು ದುಬಾರಿ ಯಂತ್ರವೂ ಮಾಡಲಾರದು.

ವಾಲ್ವು ಮೇಲೋ ಟ್ರಾನ್ಸಿಸ್ಟರು ಮೇಲೋ ಎಂಬ ವಾದ ಮುಗಿಯುವಂಥದಲ್ಲ. ಪರೀಕ್ಷೆ ಮಾತ್ರ ಸರಳ. ಚೆನ್ನಾಗಿ ಪರಿಚಯವಿರುವ ಕಚೇರಿಯೊಂದರ ಮುದ್ರಣವನ್ನು ಅಂಗಡಿಗೆ ಕೊಂಡೊಯ್ಯಿರಿ. ಗಾಯಕ ತಾರಕ್ಕೇರಿದಾಗಲೂ ತಂಬೂರಿ ಕೇಳುತ್ತಿದೆಯೇ? ಅದರ ಕುದುರೆಯ ಮೇಲೆ ತಂತಿಗಳಡಿ ಸಿಕ್ಕಿಸಿದ ಎಳೆನೂಲು ಹುಟ್ಟಿಸುವ ಝೇಂಕಾರ ಉಳಿದಿದೆಯೇ? ಹಾಡು ನಿಂತಾಗ ಕರೆಂಟಿನ ಗುಂಯ್ಗುಡುವಿಕೆ ತಲೆಯೆತ್ತುವುದಿಲ್ಲವಷ್ಟೆ?

ಇದು ಕೇವಲ ಹವ್ಯಾಸದ ಮಾತಲ್ಲ. ಕಚೇರಿಗಳು ಅಪರೂಪವಾದ ಊರಿನಲ್ಲಿ, ವಾರಕ್ಕೊಮ್ಮೆ ಪಾಠಕ್ಕೆ ಹೋಗುವ ವಿದ್ಯಾರ್ಥಿಗೆ ಉಳಿದ ಆರು ದಿನ ಯಂತ್ರವೇ ಗುರು. ಅದು ತಂಬೂರಿಯನ್ನು ನುಂಗಿದರೆ ಹುಡುಗನು ಶ್ರುತಿಯಿಲ್ಲದ ಸಂಗೀತವನ್ನೇ ಸಂಗೀತವೆಂದು ಕಲಿಯುತ್ತಾನೆ. ಜಾತ್ರೆಯ ಧ್ವನಿವರ್ಧಕ ನಮ್ಮ ಕಿವಿಗಳನ್ನು ಅಬ್ಬರಕ್ಕೆ ಪಳಗಿಸಿಬಿಟ್ಟಿದೆ. ಅವನ್ನು ಮರಳಿ ನಾದಕ್ಕೆ ಪಳಗಿಸುವ ಯಂತ್ರ ಯಾವುದೋ, ಕೊಂಡ ಹಣ ಸಾರ್ಥಕವಾಗುವುದು ಅದರಿಂದಲೇ.